ಐದು ಮಳೆಗಾಲ, 61,000 ಕಿಲೋಮೀಟರ್: ಕೊಡಗಿನ ದಾರಿಯಲ್ಲಿ ನನ್ನ ಇಗ್ನಿಸ್

ಮಾರುತಿ ಸುಜುಕಿ ಇಗ್ನಿಸ್ ಕಾರು, ಝೀಟಾ ಮಾದರಿ, 1.2 ಲೀಟರ್ ಪೆಟ್ರೋಲ್, ಮ್ಯಾನ್ಯುವಲ್ ಗೇರ್. 2020ರ ಅಕ್ಟೋಬರಿನಲ್ಲಿ, ಆಯುಧಪೂಜೆಗೆ ಎರಡು ದಿನ ಇರುವಾಗ ಮನೆಗೆ ಬಂತು. ಕಳೆದ ಭಾನುವಾರ 61,000 ಕಿಲೋಮೀಟರ್ ದಾಟಿತು. ಐದು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಇಷ್ಟು ದಿನ ಕಾದೆ. ನಮ್ಮ ಕೊಡಗಿನಲ್ಲಿ ಕಾರಿನ ಯೋಗ್ಯತೆ ಗೊತ್ತಾಗುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೆ ಮೊದಲ ದಿನದ ಖುಷಿಯೂ ಸುಳ್ಳಲ್ಲ, ಅದನ್ನೂ ಹೇಳುತ್ತೇನೆ.

ನಮ್ಮ ಮನೆ ಮೂರ್ನಾಡು–ನಾಪೋಕ್ಲು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ತೋಟದ ನಡುವೆ. ನಾನು ಮಡಿಕೇರಿಯಲ್ಲಿ ಶಿಕ್ಷಕಿ. ಹನ್ನೊಂದು ವರ್ಷ ಸ್ಕೂಟರಿನಲ್ಲೇ ಓಡಾಡಿದೆ. ಮಳೆಗಾಲದಲ್ಲಿ ರೇನ್‌ಕೋಟ್ ಒಳಗೂ ಒದ್ದೆ, ಬ್ಯಾಗಿನೊಳಗಿನ ಉತ್ತರಪತ್ರಿಕೆಗಳೂ ಒದ್ದೆ, ಶಾಲೆ ಮುಟ್ಟಿ ಚಪ್ಪಲಿ ಬಿಚ್ಚಿದರೆ ಬೆರಳಿನ ಸಂದಿಯಲ್ಲಿ ಜಿಗಣೆ. ಅಷ್ಟನ್ನೂ ಸಹಿಸಿಕೊಂಡಿದ್ದೆ. ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿ ತಿಂಗಳಿಗೊಮ್ಮೆ ಮೈಸೂರಿಗೆ ಕರೆದೊಯ್ಯಬೇಕಾದಾಗ ಮಾತ್ರ ಇನ್ನು ಸಾಧ್ಯವಿಲ್ಲ ಅನ್ನಿಸಿತು. ಬಾಡಿಗೆ ಕಾರಿನವರು ನಮ್ಮ ದಾರಿ ನೋಡಿ ಮುಖ್ಯರಸ್ತೆಯಲ್ಲೇ ನಿಲ್ಲಿಸಿಬಿಡುತ್ತಿದ್ದರು. ಆ ಒಂದೂವರೆ ಕಿಲೋಮೀಟರ್ ಅಮ್ಮ ಕೊಡೆ ಹಿಡಿದು, ನನ್ನ ಭುಜ ಹಿಡಿದು ನಡೆಯಬೇಕಿತ್ತು.

ಹಾಗಾಗಿ ನಾನು ಕಾರು ಹುಡುಕಿದ್ದು ಆ ದಾರಿಗೆ. ಎರಡು ಚಕ್ರದ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ, ಕೊನೆಗೆ ಅಜ್ಜನ ಕಾಲದ ಎರಡು ಕಲ್ಲುಕಂಬದ ಗೇಟು, ಗೇಟು ದಾಟಿದ ಕೂಡಲೇ ಬಲಕ್ಕೆ ಕಡಿದಾದ ತಿರುವು. ಟೇಪು ಹಿಡಿದು ಕಂಬಗಳ ಅಂತರ ಅಳೆದುಕೊಂಡೇ ಷೋರೂಮಿಗೆ ಹೋದೆ. ಇಗ್ನಿಸ್‌ನ ಅಗಲ 1,690 ಮಿಲಿಮೀಟರ್, ಉದ್ದ 3,700, ನೆಲದಿಂದ ಎತ್ತರ 180, ತಿರುಗುವ ತ್ರಿಜ್ಯ 4.7 ಮೀಟರ್. ಹೆಚ್ಚಿನವರು ಮೈಲೇಜ್ ಕೇಳಿ, ಬಣ್ಣ ನೋಡಿ ಮುಂದಿನ ಪುಟಕ್ಕೆ ಹೋಗುತ್ತಾರೆ. ತೋಟದೊಳಗೆ ಮನೆ ಇರುವವರು ಈ ಕೊನೆಯ ಎರಡು ಅಂಕಿಗಳನ್ನೇ ಮೊದಲು ನೋಡಿ. ದೊಡ್ಡ ಗಾಡಿ ಕೊಂಡ ನಮ್ಮ ನೆಂಟರೊಬ್ಬರು ಈಗಲೂ ನಮ್ಮ ಮನೆಗೆ ಬಂದರೆ ಮುಖ್ಯರಸ್ತೆಯಲ್ಲಿ ಗಾಡಿ ಬಿಟ್ಟು ನಡೆದೇ ಬರುತ್ತಾರೆ.

ಷೋರೂಂ ಬೆಲೆ ಆರು ಲಕ್ಷದ ಹತ್ತಿರ ಇತ್ತು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14 ರಸ್ತೆ ತೆರಿಗೆ, ಅದರ ಮೇಲೆ ಸೆಸ್, ಆಮೇಲೆ ವಿಮೆ. ಎಲ್ಲ ಸೇರಿ ಏಳು ದಾಟಿತು. ಅರ್ಧ ನನ್ನ ಉಳಿತಾಯ, ಅರ್ಧ ಸಾಲ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ಈಗ ಸಣ್ಣ ಕಾರು ಕೊಳ್ಳುವವರಿಗೆ ಲೆಕ್ಕ ಬೇರೆಯೇ ಇರುತ್ತದೆ.

ಗಾಡಿ ಕೈಗೆ ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿಂದ ಮನೆಗೆ ನಾನೇ ಓಡಿಸಿಕೊಂಡು ಬಂದೆ. ಪಕ್ಕದಲ್ಲಿ ಅಪ್ಪ, ಹಿಂದೆ ಅಮ್ಮ ಮತ್ತು ಮಗಳು. ಅಪ್ಪ ತಮ್ಮ ಹಳೇ ಜೀಪಿನಲ್ಲಿ ನನಗೆ ಗಾಡಿ ಕಲಿಸಿದ್ದು ಇಪ್ಪತ್ತು ವರ್ಷದ ಹಿಂದೆ. ಜೀಪು ಮಾರಿದ ಮೇಲೆ ನಾನು ಸ್ಟಿಯರಿಂಗ್ ಹಿಡಿದದ್ದೇ ಕಡಿಮೆ. ಹುಣಸೂರು ದಾಟುವವರೆಗೆ ನನ್ನ ಅಂಗೈ ಬೆವರುತ್ತಿತ್ತು. ಪಿರಿಯಾಪಟ್ಟಣದ ನೇರ ರಸ್ತೆಯಲ್ಲಿ ಹೆಗಲು ಸಡಿಲವಾಯಿತು. ಕೊಪ್ಪದ ಸೇತುವೆಯಲ್ಲಿ ಕಾವೇರಿ ದಾಟಿ ಕುಶಾಲನಗರ ಮುಟ್ಟುವಾಗ ಅಮ್ಮ ಹಿಂದಿನಿಂದ ನದಿಗೆ ಕೈಮುಗಿದರು. ಆನೆಕಾಡಿನ ಮರಗಳ ಸಾಲಿನೊಳಗೆ ಕಿಟಕಿ ಇಳಿಸಿದೆ. ಹೊಸ ಸೀಟಿನ ವಾಸನೆಯ ಜೊತೆ ಹಸಿ ಮಣ್ಣಿನ ವಾಸನೆ ಒಳಗೆ ಬಂತು. ಸುಂಟಿಕೊಪ್ಪದ ಏರಿನಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ ಸದ್ದು ಬದಲಾದದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನ ದುಡ್ಡಿನ ಗಾಡಿ, ನನ್ನ ಊರಿನ ಏರು. ಮನೆ ಮುಟ್ಟಿ, ಕಂಬಗಳ ನಡುವೆ ನುಸುಳಿ, ಬಲಕ್ಕೆ ಒಂದೇ ಏಟಿಗೆ ತಿರುಗಿ ಕಣದಲ್ಲಿ ನಿಂತಾಗ ಅಮ್ಮ ಬಾಗಿಲು ತೆಗೆದು ನೇರ ಜಗಲಿಗೆ ಕಾಲಿಟ್ಟರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಅತ್ತೆ.

ಈಗ ಓಡಾಟದ ವಿಷಯ.

ಎಂಜಿನ್ ನಾಲ್ಕು ಸಿಲಿಂಡರಿನದು, 1,197 ಸಿಸಿ, 83 ಅಶ್ವಶಕ್ತಿ. ಟಾರ್ಕ್, ಅಂದರೆ ಎಳೆಯುವ ಬಲ, 113 ನ್ಯೂಟನ್ ಮೀಟರ್, ಅದೂ ಪೂರ್ತಿ ಸಿಗುವುದು 4,200 ಆರ್‌ಪಿಎಂಗೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಇಂಥ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಅಲ್ಲೇ ಹೋಗುತ್ತದೆ. ಒಬ್ಬಳೇ ಇದ್ದರೆ ಮೇಕೇರಿ ಕಡೆಯ ಏರು ಮೂರನೇ ಗೇರಿನಲ್ಲಿ ಸಲೀಸು. ಐದು ಜನ ಕೂತು ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರೆ ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸಬೇಕು, ತಿರುವಿನ ಮಧ್ಯೆ ಅಲ್ಲ. ಇದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಕಲಿತ ಮೇಲೆ ಎಂಜಿನ್ ಎಲ್ಲೂ ಕೈಬಿಟ್ಟಿಲ್ಲ. ಗಾಡಿಯ ತೂಕ 850 ಕಿಲೋ ಆಸುಪಾಸು ಇರುವುದೇ ಅದರ ಬಲ.

ಇಳಿಯುವಾಗ ಅಪ್ಪ ಜೀಪಿನಲ್ಲಿ ಹೇಳಿಕೊಟ್ಟದ್ದೇ ಇಲ್ಲೂ ನಡೆಯುತ್ತದೆ: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಸಂಪಾಜೆ ಘಾಟಿಯಲ್ಲಿ ವಾರಾಂತ್ಯಕ್ಕೆ ಬರುವ ಪ್ರವಾಸಿಗರ ಗಾಡಿಗಳ ಹಿಂದೆ ಹೋದರೆ ಬ್ರೇಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಇಳಿಜಾರಿನ ಪೂರ್ತಿ ಕಾಲು ಬ್ರೇಕಿನ ಮೇಲಿಟ್ಟರೆ ಪ್ಯಾಡು ಕಾದು ಹಿಡಿತ ಸಡಿಲವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವದ ಪ್ರಶ್ನೆ. ಇನ್ನೊಂದು, ಕಿರಿದಾದ ಕಡಿದಾದ ರಸ್ತೆಯಲ್ಲಿ ಏರುವ ಗಾಡಿಗೆ ಮೊದಲ ದಾರಿ. ಇದು ಬರೀ ಸೌಜನ್ಯವಲ್ಲ, ನಿಯಮವೇ ಇದೆ. ನಮ್ಮ ಖಾಸಗಿ ಬಸ್ಸಿನ ಚಾಲಕರಿಗೆ ಅದು ಗೊತ್ತು. ನಾನು ಏರುತ್ತಿದ್ದರೆ ಮೇಲೆಯೇ ನಿಂತು ಲೈಟು ಮಿನುಗಿಸುತ್ತಾರೆ.

ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ನನ್ನ ಗಾಡಿಯಲ್ಲಿ ಇಲ್ಲ, 2023ರಿಂದ ಬಂದ ಇಗ್ನಿಸ್‌ಗಳಲ್ಲಿ ಇದೆ. ಹಾಗಾಗಿ ಏರಿನಲ್ಲಿ ನಿಂತು ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಕಚ್ಚಿದ್ದು ಗೊತ್ತಾದ ಮೇಲೆ ಬಿಡಬೇಕು. ಮೊದಮೊದಲು ನಾನು ಅರ್ಧ ಕ್ಲಚ್ಚಿನಲ್ಲೇ ಗಾಡಿ ಹಿಡಿದು ನಿಲ್ಲಿಸುತ್ತಿದ್ದೆ. ಅದರ ಫಲ 52,000ಕ್ಕೆ ಕ್ಲಚ್ ಪ್ಲೇಟ್ ಬದಲಿಸಬೇಕಾಯಿತು. ಮಲೆನಾಡಿನವರು ಯಾವ ಕಾರು ಕೊಂಡರೂ ಮೊದಲ ವಾರವೇ ಹ್ಯಾಂಡ್‌ಬ್ರೇಕ್ ಅಭ್ಯಾಸ ಮಾಡಿಕೊಳ್ಳಿ.

ಮಳೆಗಾಲಕ್ಕೆ ಬರೋಣ. ಜುಲೈಯಲ್ಲಿ ನಮ್ಮ ಒಳದಾರಿ ಪಾಚಿ ಹಿಡಿದು ಸಾಬೂನಿನ ಹಾಗೆ ಜಾರುತ್ತದೆ. ಇದು ಮುಂಚಕ್ರ ಎಳೆಯುವ ಗಾಡಿ. ಗೇಟಿನ ಕೆಳಗಿನ ಸಣ್ಣ ಏರಿನಲ್ಲಿ ಮೊದಲ ವರ್ಷ ಎರಡು ಸಲ ಚಕ್ರ ಸುಮ್ಮನೆ ಸುತ್ತಿತು. ಆಗ ಅಪ್ಪ ಒಂದು ಉಪಾಯ ಹೇಳಿದರು: ಹಿಂದಕ್ಕೆ ಹತ್ತಿಸು. ಏರಿನಲ್ಲಿ ಭಾರ ಇಳಿಜಾರಿನ ಕಡೆಗೆ ಹೋಗುತ್ತದೆ. ರಿವರ್ಸಿನಲ್ಲಿ ಹತ್ತುವಾಗ ಇಳಿಜಾರಿನ ಕಡೆ ಇರುವುದು ಮುಂಚಕ್ರ, ಎಳೆಯುವ ಚಕ್ರವೂ ಅದೇ. ಹಿಡಿತ ತಾನಾಗಿ ಸಿಗುತ್ತದೆ. ಐದು ವರ್ಷದಲ್ಲಿ ಹೀಗೆ ಹಿಂದು ಹಿಂದಾಗಿ ಮನೆ ಸೇರಿದ ದಿನಗಳು ಹತ್ತಾರು. ಟೈರು 44,000ಕ್ಕೆ ಬದಲಿಸಿದೆ. ಟೈರಿನ ಹಲ್ಲು ಇನ್ನೂ ಉಳಿದಿದ್ದರೂ ಮೇ ತಿಂಗಳಲ್ಲೇ ಹೊಸದು ಹಾಕಿಸಿದೆ, ಸವೆದ ಟೈರಿನಲ್ಲಿ ಜೂನ್ ನೋಡುವ ಧೈರ್ಯ ನನಗಿಲ್ಲ.

ನಡುವಿನ ಹುಲ್ಲಿನ ದಿಬ್ಬಕ್ಕೆ 180 ಮಿಲಿಮೀಟರ್ ಸಾಕು. ಹುಲ್ಲು ಹೊಟ್ಟೆಗೆ ಸವರಿಕೊಂಡು ಹೋಗುತ್ತದೆ, ಮಣ್ಣು ತಾಗುವುದಿಲ್ಲ. ಪೂರ್ತಿ ಲೋಡು ಇದ್ದಾಗ ಮಾತ್ರ ಒಂದು ಚಕ್ರವನ್ನು ದಿಬ್ಬದ ಮೇಲಿಟ್ಟೇ ಓಡಿಸುತ್ತೇನೆ. ಸಸ್ಪೆನ್ಷನ್ ಬಿಗಿಯಾಗಿದೆ. ಗುಂಡಿಯಲ್ಲಿ ಅದು ತಿಳಿಯುತ್ತದೆ, ಆದರೆ ಅದೇ ಬಿಗಿಯಿಂದ ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ತಿರುವು ಬಂದರೆ ಸಾಕು ವಾಂತಿ ಮಾಡುತ್ತಿದ್ದ ನನ್ನ ಮಗಳು ಈ ಕಾರಿನಲ್ಲಿ ಸುಬ್ರಹ್ಮಣ್ಯದವರೆಗೆ ಸುಖವಾಗಿ ಹೋಗಿ ಬಂದಳು. ನಮ್ಮ ಮನೆಯ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಮಂಜಿನ ಬಗ್ಗೆ ಒಂದು ಮಾತು. ಝೀಟಾದಲ್ಲಿ ಹ್ಯಾಲೊಜೆನ್ ದೀಪ, ಕೆಳಗೆ ಫಾಗ್ ಲ್ಯಾಂಪ್. ಬಿಳಿ ಎಲ್‌ಇಡಿ ಹಾಕಿಸು ಅಂತ ಎಷ್ಟೋ ಜನ ಹೇಳಿದರು. ಹಾಕಿಸಲಿಲ್ಲ. ಹಾಕತ್ತೂರಿನ ಹತ್ತಿರ ಸಂಜೆ ಆರಕ್ಕೇ ಮಂಜು ರಸ್ತೆಗೆ ಇಳಿದಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಲೋ ಬೀಮ್, ಫಾಗ್ ಲ್ಯಾಂಪ್, ಎಡಗಡೆಯ ಬಿಳಿ ಗೆರೆ. ಇಷ್ಟರ ಮೇಲೆ ನಂಬಿಕೆ ಇಟ್ಟು ಇಪ್ಪತ್ತರ ವೇಗದಲ್ಲಿ ಬರಬೇಕು. ಹಿಂದಿನ ವೈಪರ್ ಮತ್ತು ಗಾಜು ಬೆಚ್ಚಗೆ ಮಾಡುವ ತಂತಿ ಇರುವ ಮಾದರಿಯನ್ನೇ ತಗೊಂಡದ್ದು ಒಳ್ಳೆಯದಾಯಿತು, ಮಳೆಗಾಲದಲ್ಲಿ ಅವೆರಡಿಲ್ಲದೆ ಹಿಂದೆ ಏನಿದೆ ಅನ್ನುವುದೇ ಕಾಣುವುದಿಲ್ಲ. ವೈಪರ್ ರಬ್ಬರನ್ನು ಪ್ರತಿ ವರ್ಷ ಜೂನ್ ಒಂದಕ್ಕೆ ಬದಲಿಸುತ್ತೇನೆ.

ನಮ್ಮ ರಸ್ತೆಯ ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಹತ್ತಿದ ದಿನ ನೀರಿಗೆ ಗಾಡಿ ಇಳಿಸುವುದಿಲ್ಲ. ಪಕ್ಕದವರು ದಾಟಿಸಿದರೂ ಇಳಿಸುವುದಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ನೀರಿನ ಜೊತೆ ಪಂತ ಕಟ್ಟುವ ಮನಸ್ಸು ಬರುವುದಿಲ್ಲ.

ಮಳೆಗಾಲದ ಇನ್ನೆರಡು ಶತ್ರುಗಳು ಬೂಷ್ಟು ಮತ್ತು ಇಲಿ. ನಾಲ್ಕು ದಿನ ಗಾಡಿ ಮುಚ್ಚಿಟ್ಟರೆ ಸ್ಟಿಯರಿಂಗ್ ಮೇಲೆ, ಸೀಟ್ ಬೆಲ್ಟ್ ಮೇಲೆ ಬಿಳಿ ಬೂಷ್ಟು ಬರುತ್ತದೆ. ಒಂದು ಬುಟ್ಟಿಯಲ್ಲಿ ಒಲೆಯ ಇದ್ದಿಲು ತುಂಬಿ ಹಿಂದಿನ ಸೀಟಿನ ಕೆಳಗಿಡುತ್ತೇನೆ, ವಾರಕ್ಕೊಮ್ಮೆ ಬದಲಿಸುತ್ತೇನೆ, ಬಿಸಿಲು ಕಂಡ ಕೂಡಲೇ ನಾಲ್ಕೂ ಬಾಗಿಲು ತೆರೆದಿಡುತ್ತೇನೆ. 2022ರ ಜುಲೈಯಲ್ಲಿ ಇಲಿ ಬಾನೆಟ್ ಒಳಗೆ ಗೂಡು ಕಟ್ಟಿ ವೈರು ಕಡಿಯಿತು. ರಿಪೇರಿಗೆ 4,800 ರೂಪಾಯಿ. ಅಂದಿನಿಂದ ರಾತ್ರಿ ಬಾನೆಟ್ ಅರೆತೆರೆದು, ಶೆಡ್ಡಿನ ದೀಪ ಉರಿಸಿಡುತ್ತೇನೆ. ಮತ್ತೆ ಬಂದಿಲ್ಲ.

ಮೈಲೇಜ್ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮನೆ–ಮಡಿಕೇರಿ ಓಡಾಟದಲ್ಲಿ ಲೀಟರಿಗೆ 15ರಿಂದ 16. ಮೈಸೂರಿಗೆ ಹೋಗಿಬಂದರೆ 20. ಕಂಪನಿ ಹೇಳುವ ಅಧಿಕೃತ ಅಂಕಿ 20.89. ಟ್ಯಾಂಕ್ 32 ಲೀಟರ್ ಮಾತ್ರ, ದೂರ ಹೊರಡುವ ಮುಂಚೆ ನೆನಪಿಟ್ಟುಕೊಳ್ಳಿ. ವರ್ಷದ ಸರ್ವಿಸಿಗೆ ಐದರಿಂದ ಎಂಟು ಸಾವಿರ. ಬ್ಯಾಟರಿ ನಾಲ್ಕನೇ ವರ್ಷದಲ್ಲಿ ಬದಲಾಯಿತು, ಬ್ರೇಕ್ ಪ್ಯಾಡ್ 38,000ಕ್ಕೆ. ಡಿಕ್ಕಿ 260 ಲೀಟರ್. ಹಿಂದಿನ ಸೀಟು ಮಡಚಿದರೆ ಎರಡು ಮೂಟೆ ಕಾಫಿ, ಮೇಲೆ ಕರಿಮೆಣಸಿನ ಚೀಲ.

ಸುರಕ್ಷತೆಯನ್ನು ಮುಚ್ಚಿಡಬಾರದು. 2022ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಇಗ್ನಿಸ್‌ಗೆ ವಯಸ್ಕರ ವಿಭಾಗದಲ್ಲಿ ಐದರಲ್ಲಿ ಒಂದೇ ನಕ್ಷತ್ರ ಬಂತು, ಮಕ್ಕಳ ವಿಭಾಗದಲ್ಲಿ ಒಂದೂ ಇಲ್ಲ. ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಮಾರಲಿಲ್ಲ, ಆದರೆ ಹಿಂದೆ ಕೂತವರೂ ಬೆಲ್ಟ್ ಹಾಕದೆ ನಾನು ಗಾಡಿ ಸ್ಟಾರ್ಟ್ ಮಾಡುವುದಿಲ್ಲ. ಇವತ್ತು ಹೊಸದಾಗಿ ಕೊಳ್ಳುವವಳಾಗಿದ್ದರೆ ಗೇಟಿನ ಕಂಬದ ಅಂತರದ ಜೊತೆ ನಕ್ಷತ್ರವನ್ನೂ ಎಣಿಸುತ್ತಿದ್ದೆ.

ಒಂದು ಸಂಜೆಯನ್ನು ಹೇಳಲೇಬೇಕು. ಸಿದ್ದಾಪುರದಿಂದ ಮಾಲ್ದಾರೆ ಕಡೆ ನೆಂಟರ ಮನೆಗೆ ಹೊರಟಿದ್ದೆವು, ಕತ್ತಲಾಗುತ್ತಿತ್ತು. ತಿರುವಿನಲ್ಲಿ ನೂರು ಅಡಿ ದೂರದಲ್ಲಿ ರಸ್ತೆಗೆ ಅಡ್ಡವಾಗಿ ಆನೆ. ಹಾರ್ನ್ ಹೊಡೆಯಲಿಲ್ಲ, ಲೈಟು ತಗ್ಗಿಸಿದೆ. ಅಮ್ಮ ಉಸಿರು ಬಿಡದೆ ಕೂತಿದ್ದರು. ನಿಧಾನ ಹಿಂದೆ ಬಂದು, ತೋಟದ ಗೇಟೊಂದರ ಬಾಯಿ ಸಿಕ್ಕ ಕೂಡಲೇ ಒಂದು ಸಲ ಹಿಂದೆ, ಒಂದು ಸಲ ಮುಂದೆ ತೆಗೆದು ಗಾಡಿ ತಿರುಗಿಸಿದೆ. ತಿರುಗುವ ತ್ರಿಜ್ಯ 4.7 ಮೀಟರ್ ಅಂದರೆ ಏನು ಅಂತ ಅವತ್ತು ನನ್ನ ಕೈಗೆ ಅರ್ಥವಾಯಿತು.

ಇನ್ನು ಮಾರ್ಚ್ ತಿಂಗಳು. ಹೂಮಳೆ ಬಿದ್ದು ವಾರಕ್ಕೆ ಕಾಫಿ ಅರಳುತ್ತದೆ. ಆ ಮೂರು ನಾಲ್ಕು ದಿನ ಬೆಳಿಗ್ಗೆ ಹತ್ತು ನಿಮಿಷ ಬೇಗ ಹೊರಡುತ್ತೇನೆ. ಎಸಿ ಆಫ್, ನಾಲ್ಕೂ ಗಾಜು ಕೆಳಗೆ, ಎರಡನೇ ಗೇರು. ಎರಡೂ ಬದಿ ಹಿಮ ಬಿದ್ದ ಹಾಗೆ ಬಿಳಿ, ಮಲ್ಲಿಗೆಗೆ ಹತ್ತಿರದ ಆ ಪರಿಮಳ ಸೀಟಿಗೆಲ್ಲ ಹತ್ತುತ್ತದೆ. ಐದು ವರ್ಷ ಆದರೂ ಆ ಬೆಳಗಿನಲ್ಲಿ ಗಾಡಿ ಸ್ಟಾರ್ಟ್ ಮಾಡುವಾಗ ಮೈಸೂರಿನಿಂದ ತಂದ ದಿನದ್ದೇ ಪುಳಕ.

ಸೆಪ್ಟೆಂಬರಿನಲ್ಲಿ ಮಗಳಿಗೆ ಹದಿನೆಂಟು ತುಂಬಿತು, ಕಲಿಕಾ ಲೈಸೆನ್ಸ್ ಬಂದಿದೆ. ಕೊಯ್ಲು ಶುರುವಾಗಿ ಕಾಫಿ ಹರಡುವ ಮುಂಚೆ ಕಣ ಖಾಲಿ ಇದೆಯಲ್ಲ, ಅಲ್ಲೇ ದಿನಾ ಅರ್ಧ ಗಂಟೆ ಕಲಿಯುತ್ತಿದ್ದಾಳೆ. ಪಕ್ಕದ ಸೀಟಿನಲ್ಲಿ ಅಪ್ಪ, ಜಗಲಿಯಲ್ಲಿ ಅಮ್ಮ. ನಿನ್ನೆ ಸಂಜೆ ಹ್ಯಾಂಡ್‌ಬ್ರೇಕ್ ಬಿಟ್ಟು, ಎಂಜಿನ್ ನಿಲ್ಲಿಸದೆ, ಗೇಟಿನ ಏರು ಹತ್ತಿಸಿದಳು.