ಕಾಕೇಶಿಯನ್ ಶೆಫರ್ಡ್ ಮರಿಗೆ ಅಡ್ವಾನ್ಸ್ ಹಾಕುವ ಮುಂಚೆ

ಇನ್‌ಸ್ಟಾಗ್ರಾಂನಲ್ಲಿ ಮೈತುಂಬ ರೋಮದ ನಾಯಿಮರಿ ನೋಡಿ ಅಡ್ವಾನ್ಸ್ ಕಳಿಸಲು ಹೊರಟವರು ಸ್ವಲ್ಪ ತಡೆಯಿರಿ. ನಮ್ಮ ಮಾವ ಹಾಗೇ ಒಂದು ಕಾಕೇಶಿಯನ್ ಶೆಫರ್ಡ್ ತಂದರು. ದಾವಣಗೆರೆ ವಿದ್ಯಾನಗರದಲ್ಲಿ 30-40 ಸೈಟಿನ ಮನೆ, ಮುಂದೆ ಎರಡು ಬೈಕ್ ನಿಲ್ಲುವಷ್ಟು ಜಾಗ. "ಮಕ್ಕಳ ಜೊತೆ ಬೆಣ್ಣೆ ಸಾರ್" ಎಂದಿದ್ದ ಮಾರಿದವನು. ಬೆಣ್ಣೆದೋಸೆ ಊರಿನವರು, ನಂಬಿಬಿಟ್ಟರು.

ಮೊದಲ ವರ್ಷ ನಿಜಕ್ಕೂ ಹಾಗೇ ಇತ್ತು. ಈ ತಳಿ ಬಲಿಯುವುದು ನಿಧಾನ, ಎರಡು ಮೂರು ವರ್ಷ ಹಿಡಿಯುತ್ತದೆ. ಆಮೇಲೆ ಶುರುವಾಯಿತು ನೋಡಿ. ಮೊದಲು ಹಾಲಿನವನು, ನಂತರ ದಿನಾ ಬರುವ ಕೆಲಸದ ಅಕ್ಕ, ಕೊನೆಗೆ ಅತ್ತೆಯ ತಮ್ಮನೇ ಗೇಟು ದಾಟುವಂತಿಲ್ಲ. ಗ್ಯಾಸ್ ಸಿಲಿಂಡರ್ ತಂದ ಹುಡುಗನ ಮುಂಗೈ ಕಚ್ಚಿತು. ಹೊಲಿಗೆ, ರೇಬೀಸ್ ಇಂಜೆಕ್ಷನ್, ಪೊಲೀಸ್ ಠಾಣೆ ಎಲ್ಲ ಆಯಿತು. ಸಾಕಿದವರ ನಿರ್ಲಕ್ಷ್ಯ ಎಂದಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ನಾಯಿದು ತಪ್ಪು ಅಂತ ನಾನು ಹೇಳಲ್ಲ. ಚಳ್ಳಕೆರೆ ಕಡೆ ಹೊಲದಲ್ಲಿ ಕುರಿಮಂದೆ ತಂಗಿರುವಾಗ ರಾತ್ರಿ ಹತ್ತಿರ ಹೋಗಿ ನೋಡಿ. ಅಲ್ಲಿನ ನಾಯಿ ಯಜಮಾನನ ಅಪ್ಪಣೆ ಕೇಳಿ ಮೇಲೆ ಬೀಳುತ್ತಾ? ಇದೂ ಅದೇ ಕೆಲಸದ್ದು. ಜಾರ್ಜಿಯಾ, ಅರ್ಮೇನಿಯಾ ಕಡೆಯ ಬೆಟ್ಟಗಳಲ್ಲಿ ತೋಳ ಓಡಿಸಲು ಬೆಳೆಸಿದ ನಾಯಿ. ಯಾರು ಅಪಾಯ ಅಂತ ಅದೇ ತೀರ್ಮಾನ ಮಾಡುತ್ತದೆ. ಗಂಡು ಸುಲಭವಾಗಿ 50 ಕೆಜಿ ದಾಟುತ್ತದೆ. ಮಾವ ಬೆಲ್ಟ್ ಹಿಡಿದರೆ ಮಾವನನ್ನೇ ಅದು ವಾಕಿಂಗ್ ಕರೆದೊಯ್ಯುತ್ತದೆ!

ಬಿಸಿಲಿನ ಕಥೆ ಇನ್ನೂ ಬೇಸರ. ಎರಡು ಪದರದ ಕೂದಲು, ಹಿಮಕ್ಕೆ ಒಗ್ಗಿದ್ದು. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಫ್ಯಾನ್ ಗಾಳಿಯೇ ಬಿಸಿ. ಗೇಟಿನ ಗಲಾಟೆಯ ನಂತರ ತಾರಸಿ ಮೇಲೆ ತಗಡಿನ ಶೀಟಿನ ಕೆಳಗೆ ಕಟ್ಟಿದರು. ಒಂದು ಮಧ್ಯಾಹ್ನ ಜೊಲ್ಲು ಸುರಿಸುತ್ತಾ ಕಾಲು ಸೋತು ಬಿತ್ತು. ನೀರು ಸುರಿದು, ಆಟೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆವು. ಹೇಗೋ ಉಳಿಯಿತು. ಕೂದಲು ಬೋಳಿಸೋಣ ಅಂದರೆ ಡಾಕ್ಟರು ಬೇಡ ಅಂದರು, ಚರ್ಮ ಸುಡುತ್ತಂತೆ. ಈಗ ಅದಕ್ಕೊಂದು ಎಸಿ ರೂಮು. ಬೇರೆಯವರಿಗೆ ಕೊಡೋಣ ಅಂದರೆ, ಕಚ್ಚಿದ ನಾಯಿ ಅಂತ ಗೊತ್ತಾದ ಮೇಲೆ ಯಾರೂ ತಗೊಳ್ಳಲ್ಲ.

ಮಾರಿದವನ ಫೋನ್ ಸ್ವಿಚ್ ಆಫ್. ತಳಿಯ ದಾಖಲೆಯಾದ ಕೆನಲ್ ಕ್ಲಬ್ ಪೇಪರ್ ಕೊರಿಯರ್ ಮಾಡ್ತೀನಿ ಅಂದಿದ್ದ, ಇವತ್ತಿಗೂ ಬಂದಿಲ್ಲ. 2017ರ ನಿಯಮದಂತೆ ನಾಯಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಇನ್ನೊಂದು ಮಾತು ಕೇಳಿಬರುತ್ತದೆ, "ಕೋರ್ಟೇ ಓಕೆ ಅಂದಿದೆ" ಅಂತ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು, ಕಾಕೇಶಿಯನ್ ಕೂಡ ಅದರಲ್ಲಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದಾರೆ ಅಂತ ರದ್ದಾಯಿತೇ ಹೊರತು ನಾಯಿ ಸಾಧು ಅಂತಲ್ಲ.

ಅಷ್ಟಾದರೂ ಬೇಕೇ ಬೇಕು ಅನ್ನುವವರು ನೋಂದಣಿ ಸಂಖ್ಯೆ ಕೇಳಿ. ಮರಿಯ ತಾಯಿಯನ್ನು ತೋರಿಸಿ ಅನ್ನಿ, ಅದರ ಹತ್ತಿರ ಹೋಗಿ ನಿಲ್ಲಿ. ಮಾರುವವನೇ ಹೋಗಲು ಹೆದರಿದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಬಸ್ ಹತ್ತಿ.