ಟಿವಿಯ ಪಕ್ಕದಲ್ಲೊಂದು ಬಿಚ್ಚಿಟ್ಟ ರೇಡಿಯೊ

ಮೂವತ್ತೊಂದು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಅಷ್ಟೂ ವರ್ಷ ನೋಡಿದ್ದು ಟಿವಿಯ ಬೆನ್ನನ್ನು. ಚಿತ್ರ ನಿಂತಿತೇ, ಬಣ್ಣ ಬಂತೇ, ದನಿ ಒಡೆಯುತ್ತಿದೆಯೇ ಎಂದು ತಿಳಿಯಲು ಮುಂದಕ್ಕೆ ಬಂದು ಒಂದು ನಿಮಿಷ ಇಣುಕುತ್ತಿದ್ದೆನೇ ಹೊರತು, ಅದರಲ್ಲಿ ಬರುವುದೇನು ಎಂದು ತಲೆ ಕೆಡಿಸಿಕೊಂಡವನಲ್ಲ. ಈಗ ಮೂರು ತಿಂಗಳಿಂದ ದಿನಕ್ಕೆ ಮುಕ್ಕಾಲು ಗಂಟೆ ಅದರ ಎದುರಿಗೇ ಕೂರುತ್ತಿದ್ದೇನೆ, ನಾಲ್ಕು ವರ್ಷದ ಮೊಮ್ಮಗಳ ಜೊತೆ. ಶಾಲೆ ಮೆಟ್ಟಿಲು ಹತ್ತದ ಮಕ್ಕಳಿಗೆಂದೇ ಇರುವ ಕಲಿಕೆಯ ವಾಹಿನಿಯೊಂದಕ್ಕೆ ಮಗಳು ಚಂದಾ ಕಟ್ಟಿದ್ದಾಳೆ. ಚಂದಾ ಮುಂದುವರಿಸಬೇಕೇ ಬೇಡವೇ ಎಂದು ನೋಡಿ ಹೇಳುವ ಕೆಲಸ ನನಗೆ ಬಿತ್ತು. ವಾಹಿನಿಯ ಹೆಸರು ಬರೆಯುವುದಿಲ್ಲ, ಬೈಯುವುದು ಸ್ವಲ್ಪ ಇದೆ.

ಚಿತ್ರ ಚೆನ್ನಾಗಿದೆ, ದನಿ ಸ್ವಚ್ಛವಾಗಿದೆ, ನಡುವೆ ಜಾಹೀರಾತು ಇಲ್ಲ. ರಿಪೇರಿಯವನಾಗಿ ನನ್ನ ತಕರಾರು ಏನೂ ಇಲ್ಲ. ಆದರೆ ಮಗು ಏನು ಕಲಿಯುತ್ತಿದೆ ಎಂದು ಅಳೆಯಲು ನನ್ನ ಹತ್ತಿರ ಮೀಟರ್ ಇರಲಿಲ್ಲ. ಮೊದಲ ವಾರ ಸುಮ್ಮನೆ ಅವಳ ಮುಖ ನೋಡುತ್ತಾ ಕುಳಿತೆ. ಬಾಯಿ ಅರೆತೆರೆದು, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಇದನ್ನು ಏಕಾಗ್ರತೆ ಎನ್ನಬೇಕೋ ಮಂಪರು ಎನ್ನಬೇಕೋ ತಿಳಿಯಲಿಲ್ಲ.

ಉಪಾಯ ಸಿಕ್ಕಿದ್ದು ಮಗಳು ಓದಿ ಹೇಳಿದ ಒಂದು ಹಳೆಯ ಪರೀಕ್ಷೆಯಿಂದ. 1969ರ ನವೆಂಬರ್ 10ರಂದು ಅಮೆರಿಕದಲ್ಲಿ ‘ಸೆಸಮೀ ಸ್ಟ್ರೀಟ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮ ಶುರುವಾಗುವ ಮುನ್ನ, ಅದರ ಸಂಶೋಧಕ ಎಡ್ವರ್ಡ್ ಪಾಮರ್ ಟಿವಿಯ ಪಕ್ಕದಲ್ಲಿ ಒಂದು ಸ್ಲೈಡ್ ಪ್ರೊಜೆಕ್ಟರ್ ಇಡಿಸುತ್ತಿದ್ದರಂತೆ. ಕೆಲವೇ ಸೆಕೆಂಡಿಗೊಮ್ಮೆ ಅದರಲ್ಲಿ ಚಿತ್ರ ಬದಲಾಗುತ್ತಿತ್ತು. ಮಗುವಿನ ಕಣ್ಣು ಟಿವಿಯಿಂದ ಆ ಕಡೆಗೆ ಯಾವ ಗಳಿಗೆಯಲ್ಲಿ ಜಾರಿತೋ ಅಲ್ಲೊಂದು ಗುರುತು. ಬೊಂಬೆಗಳನ್ನೂ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ತಜ್ಞರು ಹೇಳಿದ್ದರು. ಪ್ರಯೋಗದ ಕಂತುಗಳನ್ನು ತೋರಿಸಿದಾಗ ಬರೀ ಮನುಷ್ಯರಿದ್ದ ಬೀದಿಯ ದೃಶ್ಯಗಳಲ್ಲೇ ಮಕ್ಕಳ ಕಣ್ಣು ಜಾರಿತು. ಆಮೇಲೆ ತಜ್ಞರ ಮಾತನ್ನು ಬದಿಗಿಟ್ಟರು. ಎಂಟಡಿ ಎತ್ತರದ ಹಳದಿ ಹಕ್ಕಿ ಬಿಗ್ ಬರ್ಡ್, ಕಸದ ಡಬ್ಬಿಯೊಳಗಿನ ಸಿಡುಕ ಆಸ್ಕರ್ ಬೀದಿಗೆ ಇಳಿದದ್ದು ಹೀಗೆ.

ನನ್ನ ಬಳಿ ಪ್ರೊಜೆಕ್ಟರ್ ಎಲ್ಲಿಂದ ಬರಬೇಕು? ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇಳಿಸಿದೆ. ಟಿವಿಯ ಪಕ್ಕದಲ್ಲಿ ಹಳೆಯ ಚಾದರ ಹಾಸಿ, ಒಂದೊಂದೇ ಸ್ಕ್ರೂ ಬಿಚ್ಚಿ ತಟ್ಟೆಗೆ ಹಾಕತೊಡಗಿದೆ. ಸ್ಪೀಕರಿನ ಅಯಸ್ಕಾಂತಕ್ಕೆ ಸ್ಕ್ರೂಗಳು ಟಕ್ಕೆಂದು ಅಂಟುವ ಸದ್ದು ಯಾವ ಮಗುವನ್ನಾದರೂ ಎಳೆಯುತ್ತದೆ ಎಂಬುದು ನನ್ನ ಲೆಕ್ಕ.

ವರ್ಣಮಾಲೆಯ ಹಾಡುಗಳಿಗೆ ರೇಡಿಯೊ ಸೋತಿತು. ಮೂರು ಸೆಕೆಂಡಿಗೊಂದು ದೃಶ್ಯ, ಕುಣಿಯುವ ಅಕ್ಷರ, ಸಿಡಿಯುವ ನಕ್ಷತ್ರ. ಅಯಸ್ಕಾಂತ ಎಷ್ಟು ಟಕ್ಕೆಂದರೂ ಅವಳು ತಿರುಗಲಿಲ್ಲ. ಹಾಗಾದರೆ ಕಲಿತಿರಬೇಕಲ್ಲ? ಟಿವಿ ಆರಿಸಿ, ಪುಟ್ಟಿ, ಈಗ ಯಾವ ಅಕ್ಷರ ಬಂತು ಎಂದು ಕೇಳಿದೆ. “ಕೆಂಪು” ಎಂದಳು.

ಈ ಹಾಡುಗಳದ್ದು ಇನ್ನೊಂದು ಅವಾಂತರ. ಕಾರ್ಯಕ್ರಮ ಬೇರೆ ಭಾಷೆಯದು, ಕನ್ನಡಕ್ಕೆ ಡಬ್ ಮಾಡಿದ್ದಾರೆ. ಚಿತ್ರ ಹಳೆಯದೇ, ದನಿ ಮಾತ್ರ ಹೊಸದು. ಪರದೆಯ ಮೇಲೆ ಏಣಿಯೊಂದು ಕುಣಿಯುತ್ತದೆ, ದನಿ ಗಂಭೀರವಾಗಿ “ಲ... ಲ... ಏಣಿ” ಎನ್ನುತ್ತದೆ. ಮೊಮ್ಮಗಳು ತನ್ನ ಮಟ್ಟಿಗೆ ಸರಿಯಾದ ತೀರ್ಮಾನಕ್ಕೇ ಬಂದಳು. ಎರಡು ದಿನ ಮನೆಯಲ್ಲಿದ್ದ ಏಣಿ ‘ಲೇಣಿ’ಯಾಗಿತ್ತು. ಭಾಷೆ ಕಲಿಸುತ್ತೇವೆ ಎನ್ನುವವರು ಅಕ್ಷರಕ್ಕೆ ಹೊಂದುವ ಚಿತ್ರ ಹೊಸದಾಗಿ ಬರೆಸಲಿ. ಇಲ್ಲವಾದರೆ ಆ ಭಾಗವನ್ನೇ ಕೈಬಿಡಲಿ.

ಎರಡನೆಯ ಬಗೆ, ಪ್ರಶ್ನೆ ಕೇಳುವ ಕಾರ್ಯಕ್ರಮಗಳು. ನಾಯಿಮರಿ ಅಡಗಿಕೊಳ್ಳುತ್ತದೆ, ಅಕ್ಕ ಪರದೆಯಿಂದ ನಮ್ಮತ್ತ ಬಾಗಿ “ಎಲ್ಲಿದೆ ಹೇಳಿ?” ಎನ್ನುತ್ತಾಳೆ. ಮಕ್ಕಳು ಉತ್ತರಿಸಲೆಂದು ಬೇಕೆಂದೇ ಸುಮ್ಮನಿರುವ ಈ ಪದ್ಧತಿಯನ್ನು 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ತುಂಬ ಶ್ರದ್ಧೆಯಿಂದ ಮಾಡಿತ್ತು; ಒಂದೇ ಕಂತನ್ನು ಐದು ದಿನ ಸತತವಾಗಿ ತೋರಿಸುತ್ತಿದ್ದರು. ದೊಡ್ಡವರಿಗೆ ಶಿಕ್ಷೆ, ಮಕ್ಕಳಿಗೆ ಹಬ್ಬ. ನಮ್ಮ ವಾಹಿನಿಯ ಅಕ್ಕ ಎಷ್ಟು ಹೊತ್ತು ಕಾಯುತ್ತಾಳೆ ಎಂದು ಗಡಿಯಾರ ಹಿಡಿದು ನೋಡಿದೆ: ಒಂದೂವರೆ ಸೆಕೆಂಡು. ಮೊಮ್ಮಗಳಿಗೆ ಯೋಚಿಸಿ ಬಾಯಿ ತೆರೆಯಲು ಮೂರೋ ನಾಲ್ಕೋ ಬೇಕು. ಅವಳು “ಮಂ...” ಎನ್ನುವಷ್ಟರಲ್ಲಿ ಆಕೆ “ಶಭಾಷ್, ಮಂಚದ ಕೆಳಗೆ!” ಎಂದು ಚಪ್ಪಾಳೆ ತಟ್ಟಿ ಮುಗಿಸಿರುತ್ತಾಳೆ.

ಒಂದು ಸಂಜೆ ಪುಟ್ಟಿ ನನ್ನತ್ತ ತಿರುಗಿ, “ತಾತ, ನಾನು ಏನೂ ಹೇಳಲೇ ಇಲ್ಲವಲ್ಲ?” ಎಂದಳು. ಮರುದಿನ ಬೇಕೆಂದೇ “ಬಾವಿಯಲ್ಲಿ!” ಎಂದು ಕೂಗಿದಳು. ಅಕ್ಕ ಶಭಾಷ್ ಎಂದಳು. ಮಗು ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಆ ಕಾರ್ಯಕ್ರಮವೆಂದರೆ ತಪ್ಪು ಉತ್ತರ ಕೂಗುವ ಆಟ. ನಾನೂ ಕೂಗುತ್ತೇನೆ. ವಾಹಿನಿಯವರು ಉದ್ದೇಶಿಸಿದ್ದು ಇದಲ್ಲ, ಆದರೆ ಈ ಮೂರು ತಿಂಗಳಲ್ಲಿ ಅವಳ ಬಾಯಿಂದ ಅತಿ ಹೆಚ್ಚು ಮಾತು ಹೊರಟದ್ದು ಆ ಹೊತ್ತಿನಲ್ಲೇ.

ಮೂರನೆಯದು ಬೀಜ ಮೊಳೆಯಿಸುವ ಮಾಮನ ಕಾರ್ಯಕ್ರಮ. ಹತ್ತೇ ನಿಮಿಷ. ಹಿನ್ನೆಲೆ ಸಂಗೀತವಿಲ್ಲ. ಮಾಮ ಒದ್ದೆ ಹತ್ತಿಯ ಮೇಲೆ ಬೀಜ ಇಡುತ್ತಾನೆ, ಕೈ ಒರೆಸಿಕೊಳ್ಳುತ್ತಾನೆ, “ನಾಳೆ ನೋಡೋಣ” ಎಂದು ಎದ್ದು ಹೋಗುತ್ತಾನೆ. ಮರುದಿನವೂ ಏನೂ ಆಗಿರುವುದಿಲ್ಲ. ಅದನ್ನೂ ತೋರಿಸುತ್ತಾರೆ! ಪಾಮರ್ ಅವರ ಪರೀಕ್ಷೆಯಲ್ಲಿ ಇದು ಖಂಡಿತ ಫೇಲಾಗುತ್ತಿತ್ತು, ಏಕೆಂದರೆ ಮೊಮ್ಮಗಳ ಕಣ್ಣು ಮೂರು ಸಲ ಪರದೆಯಿಂದ ಜಾರಿತು. ಆದರೆ ಜಾರಿದ್ದು ರೇಡಿಯೊ ಕಡೆಗಲ್ಲ. ಒಮ್ಮೆ ನನ್ನತ್ತ, “ಬೀಜ ಸತ್ತುಹೋಯಿತಾ?” ಎಂದು ಕೇಳಲು. ಒಮ್ಮೆ ಕಿಟಕಿಯತ್ತ. ಇನ್ನೊಮ್ಮೆ ನಾನು ಬೆಸುಗೆಯ ತಂತಿ ಇಟ್ಟುಕೊಳ್ಳುವ ಡಬ್ಬಿಯ ಮುಚ್ಚಳದತ್ತ. ಆ ಮುಚ್ಚಳ ಈಗ ನನ್ನದಲ್ಲ. ಅದರಲ್ಲಿ ಹತ್ತಿ, ನೀರು, ಐದು ಬೀಜ ಇವೆ. ನಾಲ್ಕನೆಯ ದಿನ ಒಂದರ ಸಿಪ್ಪೆ ಬಿರಿದು, ಉಗುರಿನ ತುದಿಯಷ್ಟು ಬಿಳಿ ಬೇರು ಬಾಗಿ ಹತ್ತಿಯೊಳಗೆ ಇಳಿದಿತ್ತು. ಅವಳು ಅದರ ಪಕ್ಕ ಹೊಟ್ಟೆ ಮೇಲೆ ಮಲಗಿ, ಉಸಿರು ತಾಗಬಾರದೆಂದು ಮೂಗು ಮುಚ್ಚಿಕೊಂಡು ನೋಡುತ್ತಿದ್ದಳು. ಟಿವಿ ತನ್ನ ಪಾಡಿಗೆ ನಡೆಯುತ್ತಿತ್ತು, ಎದ್ದು ಆರಿಸಿದೆ.

ಹಾಗಾಗಿ ನನ್ನ ಅಂಕಪಟ್ಟಿ ತಲೆಕೆಳಗಾಗಿದೆ. ಕಣ್ಣು ಕಿತ್ತರೂ ಬಾರದಂತೆ ಅಂಟಿಸಿಕೊಳ್ಳುವ ಕಾರ್ಯಕ್ರಮಕ್ಕೆ ಕಡಿಮೆ ಅಂಕ. ಮಗು ಮಧ್ಯದಲ್ಲಿ ತಿರುಗಿ ಪಕ್ಕದಲ್ಲಿರುವವರನ್ನು ಏನಾದರೂ ಕೇಳಿದರೆ ಪೂರ್ತಿ ಅಂಕ.

ಟಿವಿಯಿಂದ ಮಕ್ಕಳು ಏನೂ ಕಲಿಯುವುದಿಲ್ಲ ಎನ್ನುವವರ ಜೊತೆ ನಾನಿಲ್ಲ. ನನ್ನ ಕಸುಬಿಗೆ ಹತ್ತಿರದ ಒಂದು ಸಂಗತಿ ಇದೆ. ಆರಂಭದ ವರ್ಷಗಳಲ್ಲಿ ‘ಸೆಸಮೀ ಸ್ಟ್ರೀಟ್’ ಅಮೆರಿಕದ ಕೆಲವು ಊರುಗಳಲ್ಲಿ ವಿಎಚ್‌ಎಫ್ ವಾಹಿನಿಯಲ್ಲಿ, ಕೆಲವು ಕಡೆ ಯುಎಚ್‌ಎಫ್‌ನಲ್ಲಿ ಬರುತ್ತಿತ್ತು; ಇವೆರಡೂ ಟಿವಿ ಸಂಕೇತ ಗಾಳಿಯಲ್ಲಿ ಬರುವ ಬೇರೆ ಬೇರೆ ತರಂಗಪಟ್ಟಿಗಳು. ಯುಎಚ್‌ಎಫ್ ಹಿಡಿಯುವುದು ಆಗ ದೊಡ್ಡ ತಲೆನೋವು: ಸಂಕೇತ ದುರ್ಬಲ, ಹಳೆಯ ಸೆಟ್ಟುಗಳಲ್ಲಿ ಅದಕ್ಕೆ ಟ್ಯೂನರೇ ಇಲ್ಲ. ಸರಿಯಾಗಿ ಹಿಡಿಯುವ ಭಾಗ್ಯ ದೇಶದ ಸುಮಾರು ಮೂರನೇ ಎರಡು ಭಾಗ ಜನರಿಗೆ ಮಾತ್ರ ಇತ್ತು. ಮೆಲಿಸ್ಸಾ ಕೀರ್ನಿ, ಫಿಲಿಪ್ ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು ಈ ಆಂಟೆನಾ ಭಾಗ್ಯವನ್ನೇ ಹಿಡಿದು ಲೆಕ್ಕ ಹಾಕಿದರು. ಚಿತ್ರ ಚೆನ್ನಾಗಿ ಬರುತ್ತಿದ್ದ ಊರುಗಳ ಚಿಕ್ಕ ಮಕ್ಕಳು ಮುಂದೆ ಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿಯಲ್ಲೇ ಇರುವ ಸಾಧ್ಯತೆ ಹೆಚ್ಚಾಗಿತ್ತು. ಛಾವಣಿ ಹತ್ತಿ ಆಂಟೆನಾ ತಿರುಗಿಸಿದ ನನ್ನಂಥವರಿಗೆ ಇದು ಎಂಥ ಸಮಾಧಾನ! ಎಷ್ಟೋ ಮನೆಗಳಲ್ಲಿ ನಾನು ಕ್ರಿಕೆಟ್ ನೋಡಲೆಂದು ತಿರುಗಿಸಿದ್ದು, ಅದು ಬೇರೆ ಮಾತು.

ಆರು ತಿಂಗಳ ಕೂಸುಗಳಿಗೆಂದು ಈ ವಾಹಿನಿ ಒಂದು ವಿಭಾಗ ಇಟ್ಟಿದೆ. ಅದನ್ನು ತೆರೆಯಲೇಬೇಡಿ. ಎರಡು ವರ್ಷದೊಳಗಿನವರಿಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಇನ್ನು ಬೈಗುಳ. ಒಂದು ಕಂತು ಮುಗಿದ ಐದು ಸೆಕೆಂಡಿಗೆ ಇನ್ನೊಂದು ತಾನಾಗಿ ಶುರುವಾಗುತ್ತದೆ. ನಾಯಿಮರಿಗೆ ಒಂದೂವರೆ ಸೆಕೆಂಡು ಕಾಯದವರು ಇಲ್ಲಿ ಐದು ಕಾಯುತ್ತಾರೆ, ಅದೇ ದೊಡ್ಡದು. ಇದನ್ನು ನಿಲ್ಲಿಸುವ ಗುಂಡಿ ಟಿವಿಯಲ್ಲಿಲ್ಲ. ಮೊಬೈಲಿನಲ್ಲಿ ಖಾತೆ ತೆರೆದು ನಾಲ್ಕು ಪುಟ ದಾಟಿ ಹೋಗಬೇಕು. ಸಹಾಯವಾಣಿಗೆ ಎರಡು ಸಲ ಕರೆ ಮಾಡಿದ ಮೇಲೆ ದಾರಿ ಸಿಕ್ಕಿತು. ಆ್ಯಪ್ ನವೀಕರಣವಾದ ದಿನ ಅದು ಮತ್ತೆ ಮೊದಲಿನಂತಾಯಿತು. ಸಮಯ ಮಿತಿ ಇಡುವ ಸೌಲಭ್ಯವಿದೆ, ಆದರೆ ನಲವತ್ತೈದನೆಯ ನಿಮಿಷಕ್ಕೆ ಸರಿಯಾಗಿ, ಹಾಡಿನ ನಡುವಿನ ಸಾಲಿನಲ್ಲಿ, ಕತ್ತು ಹಿಸುಕಿದಂತೆ ನಿಲ್ಲುತ್ತದೆ. ಆಮೇಲಿನ ಅಳು ಹದಿನೈದು ನಿಮಿಷ. ಕಂತು ಮುಗಿದ ಮೇಲೆ ನಿಲ್ಲಿಸುವಂತೆ ಮಾಡಲು ಅವರಿಗೇನು ಕಷ್ಟ?

ಚಂದಾ ಮುಂದುವರಿಸು ಎಂದು ಮಗಳಿಗೆ ಹೇಳಿದ್ದೇನೆ, ಮಾಮನ ಬೀಜಕ್ಕಾಗಿ ಮತ್ತು ಬಾವಿಯ ನಾಯಿಮರಿಗಾಗಿ. ವರ್ಣಮಾಲೆಯ ಹಾಡುಗಳನ್ನು ಪಟ್ಟಿಯಿಂದ ತೆಗೆಸಿದ್ದೇನೆ. ರೇಡಿಯೊ ಮಾತ್ರ ಇನ್ನೂ ಬಿಚ್ಚಿದಂತೆಯೇ ಇದೆ. ಹಿಂಬದಿಯ ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಪುಟ್ಟಿ ಹತ್ತಿಯಲ್ಲಿ ನೆಟ್ಟು, ದಿನವೂ ನೀರು ಹಾಕುತ್ತಿದ್ದಾಳೆ.