ಹಿಪ್ಪಲಿ ಕಸಿ ಮೆಣಸು ತರುವವರೇ, ಮೊದಲು ಕಸಿ ಗಂಟು ಎಲ್ಲಿದೆ ನೋಡಿ

ಈ ಸಲ ಹಿಪ್ಪಲಿ ಕಸಿ ಕಾಳುಮೆಣಸು ಹಾಕಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ನಮ್ಮ ಅಡಿಕೆ ತೋಟಕ್ಕೆ ತಂದ ಕಸಿ ಬಳ್ಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಎರಡನೇ ಮಳೆಗಾಲದಲ್ಲಿ ಸತ್ತವು. ಸೊರಗು ರೋಗ. ಅದು ಬರುವುದೇ ಇಲ್ಲ ಎಂದು ಹೇಳಿಯೇ ನರ್ಸರಿಯವರು ಮಾಮೂಲಿ ಬಳ್ಳಿಗಿಂತ ಎಷ್ಟೋ ಪಟ್ಟು ಹೆಚ್ಚು ದುಡ್ಡು ತೆಗೆದುಕೊಂಡಿದ್ದರು.

ಕಸಿಯಲ್ಲಿ ಮೋಸವಿಲ್ಲ. ಬೇರಿಗೆ ಬಳಸುವ ಈ ಹಿಪ್ಪಲಿ, ಅಂದರೆ ಪೈಪರ್ ಕೊಲುಬ್ರಿನಮ್, ದಕ್ಷಿಣ ಅಮೆರಿಕದ ಕಾಡುಗಿಡ. ನಮ್ಮ ಮೆಣಸಿನ ಬಳ್ಳಿಯ ಬೇರು ಕೊಳೆಸಿ ಸೊರಗು ರೋಗ ತರುವ ಫೈಟಾಪ್ತೊರಾ ಎಂಬ ರೋಗಾಣುವನ್ನು ಅದರ ಬೇರು ತಡೆದುಕೊಳ್ಳುತ್ತದೆ. ಆದರೆ ಆ ಶಕ್ತಿ ಇರುವುದು ಎರಡೂ ಗಿಡ ಕೂಡುವ ಕಸಿ ಗಂಟಿನ ಕೆಳಗೆ ಮಾತ್ರ. ಮೇಲಿರುವುದು ಮಾಮೂಲಿ ಮೆಣಸಿನ ತಳಿಗಳೇ, ಅದೇ ಪಣಿಯೂರು-1, ಅದೇ ಕರಿಮುಂಡ.

ಸತ್ತ ಬಳ್ಳಿ ಕಿತ್ತಾಗ ಸಂಗತಿ ಬಯಲಾಯಿತು. ಕಸಿ ಗಂಟು ಮಣ್ಣಿನೊಳಗಿತ್ತು. ಗಂಟಿನ ಮೇಲಿನ ಬಳ್ಳಿ ತನ್ನದೇ ಬೇರು ಬಿಟ್ಟುಕೊಂಡು, ಆ ಬೇರಿನಿಂದಲೇ ಕೊಳೆತಿತ್ತು. ಕೆಳಗಿನ ಹಿಪ್ಪಲಿ ಬೇರು ಮಾತ್ರ ಗಟ್ಟಿಯಾಗಿಯೇ ಇತ್ತು! ನಾವು ನೆಟ್ಟದ್ದು ನರ್ಸರಿಯ ತೊಟ್ಟೆಯಲ್ಲಿದ್ದ (ಪ್ಲಾಸ್ಟಿಕ್ ಚೀಲದಲ್ಲಿದ್ದ) ಮಣ್ಣಿನ ಮಟ್ಟಕ್ಕೇ. ನರ್ಸರಿಗೆ ಹೋಗಿ ನೋಡಿದರೆ ಮಾರಾಟಕ್ಕಿಟ್ಟ ತೊಟ್ಟೆಗಳಲ್ಲೂ ಗಂಟು ಮುಚ್ಚುವಷ್ಟು ಮಣ್ಣು. ತೀರಾ ಕೆಳಗೆ ಕಸಿ ಕಟ್ಟಿ, ಅಲುಗಾಡದಿರಲಿ ಎಂದು ಮೇಲೆ ಮಣ್ಣು ತುಂಬಿದ್ದಾರೆ. ಕೇಳಿದರೆ 'ನಿಮ್ಮ ತೋಟದಲ್ಲಿ ನೀರು ನಿಲ್ಲುತ್ತೆ' ಎಂಬ ಉತ್ತರ. ನೀರು ನಿಲ್ಲುವ ಜಾಗಕ್ಕೆಂದೇ ಅಲ್ಲವೇ ಕಸಿ ಗಿಡ ಕೊಟ್ಟದ್ದು?

ಹಾಗಾಗಿ ತೊಟ್ಟೆಯ ಮಣ್ಣು ಸರಿಸಿ ನೋಡದೆ ದುಡ್ಡು ಕೊಡಬೇಡಿ. ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ. ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಕಾಂಡವನ್ನು ಕತ್ತರಿಸುತ್ತಿದ್ದರೆ ಆ ಗಿಡ ಬೇಡ. ನೆಟ್ಟ ಮೇಲೆ ಗೊಬ್ಬರ, ಸೊಪ್ಪು ಏರಿಸುವಾಗಲೂ ಗಂಟು ಮುಚ್ಚಬಾರದು. ಮೇಲಿನಿಂದ ಇಳಿದು ನೆಲ ಮುಟ್ಟುವ ಬಳ್ಳಿಯನ್ನು ಕತ್ತರಿಸಿ, ಅದು ಬೇರೂರಿದರೆ ರೋಗಕ್ಕೆ ಮತ್ತೆ ದಾರಿ. ಎಲೆಗೆ ರೋಗ ತಗಲುವುದು ಕಸಿಯಿಂದ ತಪ್ಪದು, ಮಳೆಗೆ ಮುಂಚೆ ಶೇ. 1ರ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಲೇಬೇಕು.

ಗುಡ್ಡೆಯ ಒಣ ಜಾಗದವರು ಇನ್ನೊಮ್ಮೆ ಯೋಚಿಸಿ. ಹಿಪ್ಪಲಿ ತೇವ ಬಯಸುವ ಗಿಡ, ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಮೇಲಿನ ಬಳ್ಳಿಯೂ ಒಣಗುತ್ತದೆ. ಅಂಥವರು ಕೋಯಿಕ್ಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ತೇವಂ, ಶಕ್ತಿ ತಳಿಗಳನ್ನು ವಿಚಾರಿಸಬಹುದು. ಸ್ವಂತ ಬೇರಿನ ಮೇಲೆಯೇ ಈ ರೋಗವನ್ನು ಒಂದಷ್ಟು ತಾಳಿಕೊಳ್ಳುವ ತಳಿಗಳವು. ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲೇ ಇದೆ.